ಹಿಂಬದಿಯ ಹಾಡು, ಮುಂಬದಿಯ ಸಾಕ್ಷ್ಯ: ಬಿದ್ದು ಅಪ್ಪಯ್ಯ ಅವರ ಸೋಲ್ ಹಾದಿ

ಕೊಡಗು ಮೂಲದ ಸಂಗೀತಗಾರ ಬಿದ್ದು ಅಪ್ಪಯ್ಯ ಅವರ ಮಾತು ಬಂದಾಗ ನಮ್ಮ ಕಕ್ಕಬೆ, ನಾಪೋಕ್ಲು ಕಡೆ ಎರಡು ಅಭಿಪ್ರಾಯಗಳು ಯಾರ ಪ್ರಶ್ನೆಗೂ ಸಿಗದೆ ಚಲಾವಣೆಯಲ್ಲಿವೆ. ‘ಕುಂಗ್ ಫೂ ಫೈಟಿಂಗ್’ ಹಾಡನ್ನು ಅವರೇ ಬರೆದು, ಹತ್ತು ನಿಮಿಷದಲ್ಲಿ ಮುಗಿಸಿ, ಒಂದೇ ಏಟಿಗೆ ರಾಕ್ ಹಾಡುಗಾರಿಕೆಯಿಂದ ಸೋಲ್ ಸಂಗೀತಕ್ಕೆ ದಾಟಿದರು ಎಂಬುದು ಒಂದು. ಆ ಹಾಡಿನ ಬಡಿತ ಕೊಡವ ವಾಲಗದ್ದು ಎಂಬುದು ಇನ್ನೊಂದು. ಮೊದಲನೆಯದು ಅಚ್ಚಿನಲ್ಲೂ ಸೇರಿಕೊಂಡಿರುವುದರಿಂದ ಅದನ್ನೇ ಇಲ್ಲಿ ವಿಸ್ತಾರವಾಗಿ ಪರಿಶೀಲಿಸುತ್ತೇನೆ. ಇದನ್ನು ಬರೆದವರು ನೋಡದೆ ಬಿಟ್ಟ ಆಕರ ಯಾವ ಕಡತದಲ್ಲೂ ಅಡಗಿ ಕೂತಿಲ್ಲ. ಅದು 1974ರಲ್ಲಿ ಲಂಡನ್ನಿನ ಪೈ ಕಂಪನಿ ಹೊರತಂದ ಏಳಿಂಚಿನ ರೆಕಾರ್ಡ್.

ಆ ರೆಕಾರ್ಡಿನಲ್ಲಿ ಹಾಡು ಬರೆದವರೆಂದು ಇರುವ ಹೆಸರು ಜಮೈಕಾ ಮೂಲದ ಗಾಯಕ ಕಾರ್ಲ್ ಡಗ್ಲಾಸ್ ಅವರದು. ಬಿದ್ದು ಅವರ ಹೆಸರಿರುವುದು ಪ್ರೊಡ್ಯೂಸರ್ ಸ್ಥಾನದಲ್ಲಿ. ನಮ್ಮ ಸಿನಿಮಾದಲ್ಲಿ ರಾಗ ಹಾಕುವವರು ಸಂಗೀತ ನಿರ್ದೇಶಕರು. ಆ ರೂಢಿಯ ಕಣ್ಣಿನಿಂದ ನೋಡಿದವರು ಬಿದ್ದು ಅವರನ್ನೂ ಹಾಡಿನ ಕರ್ತೃ ಎಂದೇ ಓದಿಕೊಂಡರು. ಲಂಡನ್ನಿನ ರೆಕಾರ್ಡ್ ಉದ್ಯಮದಲ್ಲಿ ಪ್ರೊಡ್ಯೂಸರ್ ಎಂದರೆ ಯಾವ ಹಾಡು, ಯಾವ ಗಾಯಕ, ಯಾವ ವಾದ್ಯಗಾರರು, ಯಾವ ಟೇಕ್ ಉಳಿಯಬೇಕು ಎಂಬುದನ್ನೆಲ್ಲ ತೀರ್ಮಾನಿಸುವವನು. ಕೆಲಸ ದೊಡ್ಡದೇ, ಆದರೆ ಹಾಡಿನ ಕರ್ತೃತ್ವ ಬೇರೆ.

ಇಷ್ಟಕ್ಕೇ ವಿಷಯ ಮುಗಿಯುವುದಿಲ್ಲ. ಬಿದ್ದು ಅವರು ಹೇಳಿಕೊಂಡಿರುವ ಪ್ರಕಾರ, ರೆಕಾರ್ಡಿನ ಹಿಂಬದಿಗೆ ತುಂಬಲು ಏನಾದರೂ ಸಾಹಿತ್ಯವಿದೆಯೇ ಎಂದು ಡಗ್ಲಾಸ್ ಅವರನ್ನು ಕೇಳಿದರು; ಅವರು ತೋರಿಸಿದವುಗಳಲ್ಲಿ ಒಂದನ್ನು ಆರಿಸಿ, ಹೆಚ್ಚು ತಲೆಕೆಡಿಸಿಕೊಳ್ಳದೆ ಅದಕ್ಕೊಂದು ಧಾಟಿ ಕೂಡಿಸಿದರು. ಲೇಬಲ್ಲು ಒಂದು ಹೇಳುತ್ತದೆ, ಹೇಳಿಕೆ ಇನ್ನೊಂದು ಹೇಳುತ್ತದೆ. ನನ್ನ ಅಭಿಪ್ರಾಯದಲ್ಲಿ ಇವೆರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು. ಲೇಬಲ್ಲು ದಾಖಲಿಸುವುದು ಹಕ್ಕನ್ನು; ಹೇಳಿಕೆ ವಿವರಿಸುವುದು ಸ್ಟುಡಿಯೋದಲ್ಲಿ ಕೆಲಸ ನಡೆದ ಬಗೆಯನ್ನು. ಹಾಗಾಗಿ ಕರ್ತೃವಿನ ಜಾಗದಲ್ಲಿ ಡಗ್ಲಾಸ್ ಹೆಸರೇ ಇರಬೇಕು. ಧಾಟಿಯಲ್ಲಿ ಬಿದ್ದು ಅವರ ಪಾಲನ್ನು ಅವರ ಮಾತೆಂದು ಹೇಳಿಯೇ ಬರೆಯಬೇಕು. (ನಮ್ಮವರು ಎಂಬ ಅಭಿಮಾನ ನನಗೂ ಇದೆ. ಆದರೆ ಅಭಿಮಾನಕ್ಕಾಗಿ ಇನ್ನೊಬ್ಬ ವಲಸಿಗ ಕಲಾವಿದನ ಹೆಸರನ್ನು ಅಳಿಸುವುದನ್ನು ಒಪ್ಪಲಾರೆ.)

ಈಗ ರೆಕಾರ್ಡನ್ನು ಮಗುಚಿ ಹಾಕೋಣ. ಇನ್ನೊಂದು ಬದಿಯಲ್ಲಿರುವುದು ‘ಐ ವಾಂಟ್ ಟು ಗಿವ್ ಯೂ ಮೈ ಎವ್ರಿಥಿಂಗ್’. ಬರೆದವರು ಅಮೆರಿಕದ ಲ್ಯಾರಿ ವೈಸ್. ಇಡೀ ವಾದ ನಿಲ್ಲುವುದು ಈ ಹಾಡಿನ ಮೇಲೆ, ಮತ್ತು ಇದನ್ನು ಕೇಳಿದವರೇ ಕಡಿಮೆ. ಡಗ್ಲಾಸ್ ಅವರನ್ನು ಕರೆಸಿದ್ದೇ ಇದನ್ನು ಹಾಡಿಸಲು. ಸ್ಟುಡಿಯೋದಲ್ಲಿ ಸಿಕ್ಕಿದ್ದು ಮೂರು ಗಂಟೆ; ಎರಡು ಗಂಟೆಗೂ ಹೆಚ್ಚು ಹೊತ್ತು ಹೋದದ್ದು ಇದಕ್ಕೆ. ನಡುವೆ ಒಂದು ಬಿಡುವು. ಕೊನೆಯ ಹತ್ತು ನಿಮಿಷದಲ್ಲಿ, ಎರಡೇ ಟೇಕಿನಲ್ಲಿ, ಹಿಂಬದಿ ತುಂಬಲು ‘ಕುಂಗ್ ಫೂ ಫೈಟಿಂಗ್’. ಮುಂಬದಿ ಹಿಂಬದಿಗಳು ಅದಲುಬದಲಾದದ್ದು ಪೈ ಕಂಪನಿಯ ರಾಬಿನ್ ಬ್ಲಾಂಚ್‌ಫ್ಲವರ್ ಹಟ ಹಿಡಿದ ಮೇಲೆ. ಮೊದಲ ಐದು ವಾರ ರೇಡಿಯೋ ಅದನ್ನು ಮುಟ್ಟಲಿಲ್ಲ. ಡ್ಯಾನ್ಸ್ ಕ್ಲಬ್ಬುಗಳು ಎತ್ತಿಕೊಂಡವು. 1974ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನಲ್ಲಿ, ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅದು ಮೊದಲ ಸ್ಥಾನಕ್ಕೇರಿತು.

ಹತ್ತು ನಿಮಿಷದ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಎರಡು ಗಂಟೆಯ ಕಥೆಯನ್ನು ಯಾರೂ ಹೇಳುವುದಿಲ್ಲ. ಅಮೆರಿಕದ ಗೀತಕಾರನ ಪ್ರೇಮಗೀತೆ, 1960ರ ದಶಕದಿಂದಲೇ ಸೋಲ್ ಹಾಡುತ್ತಿದ್ದ ಗಾಯಕ, ಸಮಯದ ಬಹುಪಾಲು ಅದಕ್ಕೇ ಮೀಸಲು. ಇದು ದಾರಿ ತಪ್ಪಿ ಸೋಲ್ ಸಂಗೀತದೊಳಗೆ ಬಂದವರ ನಡೆ ಅಲ್ಲ, ಮೊದಲೇ ಅಲ್ಲಿ ನೆಲೆ ನಿಂತವರದು. ಆಕಸ್ಮಿಕವಾದದ್ದು ಗೆಲುವು ಮಾತ್ರ.

ಹಿಂದಿನ ವರ್ಷಗಳೂ ಇದಕ್ಕೇ ಸಾಕ್ಷಿ. ಬೆಂಗಳೂರಿನಲ್ಲಿ ರೇಡಿಯೋ ಸಿಲೋನ್ ಕೇಳುತ್ತ ಬೆಳೆದು, ‘ಟ್ರೋಜನ್ಸ್’ ತಂಡದಲ್ಲಿ ಬೀಟಲ್ಸ್, ರೋಲಿಂಗ್ ಸ್ಟೋನ್ಸ್ ಹಾಡುಗಳನ್ನು ಹಾಡಿ, ತಂಡ ಒಡೆದ ಮೇಲೆ ‘ಲೋನ್ ಟ್ರೋಜನ್’ ಎಂದು ಒಬ್ಬರೇ ವೇದಿಕೆ ಹತ್ತಿದವರು ಬಿದ್ದು. ಮಧ್ಯಪ್ರಾಚ್ಯದ ಮೂಲಕ ಲಂಡನ್ ಸೇರಿ, 1967ರಲ್ಲಿ ರೀಗಲ್ ಝೋನೊಫೋನಿಗೆ ‘ಡಾಟರ್ ಆಫ್ ಲವ್’ ಹಾಡಿದರು. ಅದರ ಹಿಂಬದಿಯ ‘ಲುಕ್ ಔಟ್ ಹಿಯರ್ ಐ ಕಮ್’ ಗಿಟಾರ್ ಅಬ್ಬರದ ಅಪ್ಪಟ ಬೀಟ್ ಹಾಡು. 1969ರಲ್ಲಿ ಜಪಾನಿನ ‘ಟೈಗರ್ಸ್’ ತಂಡದ ‘ಸ್ಮೈಲ್ ಫಾರ್ ಮಿ’ಗೆ ಪ್ರೊಡ್ಯೂಸರ್ ಆದರು. ಆಮೇಲೆ ಬೀಕನ್ ಕಂಪನಿಯ ಸೋಲ್ ರೆಕಾರ್ಡುಗಳು. ರಾಕ್ ಗಾಯಕ ಸೋಲ್ ಕಲಾವಿದನಾದದ್ದು ಈ ಏಳು ವರ್ಷಗಳಲ್ಲಿ, ತನ್ನ ಕಂಠವನ್ನು ಹಿಂದಿಟ್ಟು ಬೇರೆಯವರ ಕಂಠಗಳನ್ನು ಹುಡುಕುತ್ತ. 1976ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದ ಟೀನಾ ಚಾರ್ಲ್ಸ್ ಅವರ ‘ಐ ಲವ್ ಟು ಲವ್’ ಕೂಡ ಇವರು ಬರೆದದ್ದಲ್ಲ, ರೂಪಿಸಿದ್ದು. ಜಿಮ್ಮಿ ಜೇಮ್ಸ್ ಹಾಡಿದ ‘ಐ’ಲ್ ಗೋ ವೇರ್ ಯುವರ್ ಮ್ಯೂಸಿಕ್ ಟೇಕ್ಸ್ ಮಿ’ ಮಾತ್ರ ಇವರದೇ ರಚನೆ. ನಾಜಿಯಾ ಹಸನ್ (‘ಆಪ್ ಜೈಸಾ ಕೋಯಿ’, 1980, ‘ಡಿಸ್ಕೊ ದೀವಾನೆ’, 1981), ಅಲಿಶಾ ಚಿನಾಯ್ (‘ಮೇಡ್ ಇನ್ ಇಂಡಿಯಾ’, 1995) ಹೆಸರುಗಳು ಓದುಗರಿಗೆ ಗೊತ್ತೇ ಇವೆ, ಅವೂ ಇದೇ ಕ್ರಮದ ಮುಂದುವರಿಕೆ.

ವಾಲಗದ ವಾದಕ್ಕೆ ಹೆಚ್ಚು ಜಾಗ ಕೊಡಲಾರೆ. ಕೊಡವ ಹಾಡಿನ ಪರಂಪರೆಗೆ ನಡಿಕೇರಿಯಂಡ ಚಿಣ್ಣಪ್ಪ ಅವರ ‘ಪಟ್ಟೋಲೆ ಪಳಮೆ’ (1924) ಎಂಬ ಗಟ್ಟಿ ಆಕರವಿದೆ. ದುಡಿ ಹಿಡಿದ ನಾಲ್ವರು, ಇಬ್ಬಿಬ್ಬರಾಗಿ ಸಾಲು ಹಂಚಿಕೊಂಡು ಕಥೆ ಹೇಳುವ ಹಾಡುಗಾರಿಕೆ ಅದು. ಪಾಡಿ ಇಗ್ಗುತ್ತಪ್ಪನ ಸನ್ನಿಧಿಯ ಕಲಿಯಾರ್ಚಿ ಹಬ್ಬಕ್ಕೆ ಬಂದವರು ನಮ್ಮ ವಾದ್ಯಗಳ ನಡೆಯನ್ನು ಕಿವಿಯಾರೆ ಕೇಳಬಹುದು. ‘ಕುಂಗ್ ಫೂ ಫೈಟಿಂಗ್’ ಡಿಸ್ಕೊ ಹಾಡು; ಡಿಸ್ಕೊದಲ್ಲಿ ದೊಡ್ಡ ಡ್ರಮ್ಮು ನಾಲ್ಕೂ ಎಣಿಕೆಗೆ ಸಮನಾಗಿ ಬೀಳುತ್ತದೆ. ಅದರ ತವರು ಅಮೆರಿಕದ ಕರಿಯರ ಸಂಗೀತ. ಎರಡನ್ನೂ ಬಲ್ಲವರು ಒಂದು ಎನ್ನಲಾರರು. ರಕ್ತದಲ್ಲೇ ತಾಳವಿತ್ತು ಎನ್ನುವುದು ಸಂಶೋಧನೆಯಲ್ಲ, ಮತ್ತು ಅದು ಬಿದ್ದು ಅವರ ದುಡಿಮೆಗೆ ಮಾಡುವ ಅನ್ಯಾಯ.

2010ರಲ್ಲಿ ಬಂದ ಅವರ ಆತ್ಮಕಥೆ ಲಂಡನ್ ದಿನಗಳಿಗೆ ಸಾಕಷ್ಟು ನೆರವಾಗುತ್ತದೆ. ಬೆಂಗಳೂರಿನ ಟ್ರೋಜನ್ಸ್ ಕಾಲಕ್ಕೆ ಬೇರೆ ಆಕರಗಳೂ ಬೇಕು. ಕಾರ್ಯಕ್ರಮದ ಕರಪತ್ರ, ಫೋಟೋ, ಪತ್ರ ಯಾವುದಾದರೂ ನಿಮ್ಮ ಮನೆಯ ಪೆಟ್ಟಿಗೆಯಲ್ಲಿದ್ದರೆ, ನಮ್ಮ ಮಳೆಗಾಲದ ಬೂಷ್ಟು ಹಿಡಿಯುವ ಮೊದಲು ಅದರ ಒಂದು ಪ್ರತಿ ಮಾಡಿಸಿ ಮಡಿಕೇರಿಯ ಕೊಡವ ಸಾಹಿತ್ಯ ಅಕಾಡೆಮಿಗೆ ತಲುಪಿಸಿ.