ಲಿಫ್ಟಿನ ಮುಂದೆ ಕಾಯುವವರು: 'ಟೈನಿ ಟವರ್' ಆಟದಲ್ಲಿ ಕಾಲದ ವ್ಯಾಪಾರ

ಮೊಬೈಲಿನ ಕಟ್ಟಡ ಕಟ್ಟುವ, ಅಂಗಡಿ ನಡೆಸುವ ಆಟಗಳ ಮಾತು ಬಂದ ಕೂಡಲೇ 'ಚಟ' ಎಂಬ ಪದವೂ ಬರುತ್ತದೆ. ಯಾವುದರ ಚಟ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕಟ್ಟುವುದರದೇ? ಲಾಭದ್ದೇ? ಈ ಆಟಗಳು ಹಿಡಿದಿಡುವುದು ಕಾಯಿಸುವುದರ ಮೂಲಕ ಎಂಬುದು ಈ ಲೇಖನದ ವಾದ. ಅದನ್ನು ಪರೀಕ್ಷಿಸಲು 1994ರ 'ಸಿಮ್‌ಟವರ್' ಮತ್ತು 2011ರ 'ಟೈನಿ ಟವರ್' ಆಟಗಳನ್ನು ಎದುರುಬದುರು ಇಟ್ಟು ನೋಡಿದ್ದೇನೆ. ಎರಡರಲ್ಲೂ ಕಟ್ಟುವುದು ಬಹುಮಹಡಿ ಕಟ್ಟಡವನ್ನೇ. ಎರಡರಲ್ಲೂ ಲಿಫ್ಟಿಗೆ ದೊಡ್ಡ ಪಾತ್ರವಿದೆ.

'ಸಿಮ್‌ಟವರ್' ರೂಪಿಸಿದವರು ಜಪಾನಿನ ಯೂಟ್ ಸೈಟೋ. ತವರಿನಲ್ಲಿ 'ದಿ ಟವರ್' ಎಂದು ಬಂದ ಇದನ್ನು ಅಮೆರಿಕದ ಮ್ಯಾಕ್ಸಿಸ್ ಕಂಪನಿ ಹೊಸ ಹೆಸರಿನಲ್ಲಿ ಮಾರಿತು. ನೆಲದ ಮೇಲೆ 100 ಮಹಡಿ, ಕೆಳಗೆ 10 ನೆಲಮಾಳಿಗೆ. ಆದರೆ ಸಾಮಾನ್ಯ ಲಿಫ್ಟ್ ಒಂದು 30 ಮಹಡಿಗಿಂತ ಹೆಚ್ಚು ಓಡದು. ಕಟ್ಟಡ ಬೆಳೆದಂತೆಲ್ಲ ಜನ ನಡುವೆ ಇಳಿದು ಇನ್ನೊಂದು ಲಿಫ್ಟ್ ಹಿಡಿಯಲೇಬೇಕು. ಕಚೇರಿಯವರು ಬೆಳಗ್ಗೆ ಒಟ್ಟಿಗೇ ಬರುತ್ತಾರೆ, ಮಧ್ಯಾಹ್ನ ಊಟಕ್ಕೆ ಒಟ್ಟಿಗೇ ಇಳಿಯುತ್ತಾರೆ. ಲಿಫ್ಟ್ ತಡವಾದರೆ ಸಾಲಿನಲ್ಲಿ ನಿಂತ ಪುಟ್ಟ ಕಪ್ಪು ಆಕೃತಿಗಳು ಗುಲಾಬಿಗೆ ತಿರುಗಿ, ಆಮೇಲೆ ಕೆಂಪಾಗುತ್ತವೆ. ಕೆಂಪಾದವರು ಹೆಚ್ಚಾದರೆ ಬಾಡಿಗೆದಾರರು ಖಾಲಿ ಮಾಡಿ ಹೊರಡುತ್ತಾರೆ, ಆದಾಯ ಬೀಳುತ್ತದೆ. ಲಿಫ್ಟ್ ಎಲ್ಲಿ ಕೂರಿಸಬೇಕು, ಎಷ್ಟು ಕೂರಿಸಬೇಕು ಎಂಬುದು ಅಲ್ಲಿ ನಿಜವಾದ ಲೆಕ್ಕಾಚಾರ. 'ನಿರ್ವಹಣೆ' ಎಂಬ ಮಾತಿಗೆ ಅಲ್ಲಿ ಅರ್ಥವಿದೆ, ಏಕೆಂದರೆ ತಪ್ಪಿಗೆ ಬೆಲೆಯಿದೆ.

'ಟೈನಿ ಟವರ್' ಮೇಲುನೋಟಕ್ಕೆ ಇದರ ಮೊಮ್ಮಗು. ಇಯಾನ್ ಮತ್ತು ಡೇವಿಡ್ ಮಾರ್ಷ್ ಸಹೋದರರ ನಿಂಬಲ್‌ಬಿಟ್ ಎಂಬ ಪುಟ್ಟ ಸಂಸ್ಥೆ ಇದನ್ನು 2011ರ ಜೂನ್‌ನಲ್ಲಿ ಐಫೋನಿಗೆ ಉಚಿತವಾಗಿ ಬಿಟ್ಟಿತು. ಆ ವರ್ಷದ ಅತ್ಯುತ್ತಮ ಐಫೋನ್ ಆಟವೆಂದು ಆ್ಯಪಲ್ ಆರಿಸಿದ್ದೂ ಇದನ್ನೇ. ವಸತಿ ಮಹಡಿಯೊಂದರಲ್ಲಿ ಐದು ಮಂದಿ. ಅಂಗಡಿಯೊಂದಕ್ಕೆ ಮೂವರು ಕೆಲಸಗಾರರು, ಮೂರು ಬಗೆಯ ಮಾಲು. ಪ್ರತಿ ನಿವಾಸಿಗೂ ಊಟ-ತಿಂಡಿ, ಸೇವೆ, ಮನರಂಜನೆ, ಚಿಲ್ಲರೆ ಮಾರಾಟ, ಸೃಜನಶೀಲ ಕಸುಬು ಎಂಬ ಐದು ವಿಭಾಗಗಳಲ್ಲಿ 0ಯಿಂದ 9ರವರೆಗೆ ಅಂಕಗಳಿವೆ. ಜೊತೆಗೆ ಒಂದು ಕನಸಿನ ಕೆಲಸ. ಅದು ಸಿಕ್ಕರೆ ಅವರ ಪಾಲಿನ ಮಾಲು ದುಪ್ಪಟ್ಟು ಬರುತ್ತದೆ. ಸಿಬ್ಬಂದಿ ಆಯ್ಕೆಯ ಈ ಏರ್ಪಾಡು ಕಂಡಾಗ ವ್ಯವಹಾರ ನಡೆಸುತ್ತಿದ್ದೇವೆ ಎಂಬ ಭಾವನೆ ಸಹಜ.

ಈಗ ಇಲ್ಲದಿರುವುದನ್ನು ಎಣಿಸೋಣ. ಬೆಲೆ ನಿಗದಿ ಮಾಡುವ ಅಧಿಕಾರವಿಲ್ಲ. ಸಂಬಳದ ತಲೆನೋವಿಲ್ಲ, ಸಾಲವಿಲ್ಲ, ಎದುರಂಗಡಿಯಿಲ್ಲ. ಅಂಗಡಿ ದಿವಾಳಿಯಾಗುವಂತೆಯೇ ಇಲ್ಲ. ಹದಿನೈದು ದಿನ ಫೋನ್ ಮುಟ್ಟದಿದ್ದರೆ ಮಾಲು ಮುಗಿದು ವ್ಯಾಪಾರ ನಿಲ್ಲುತ್ತದೆ, ಅಷ್ಟೆ. ವ್ಯಾಪಾರದಿಂದ ನಷ್ಟವನ್ನು ತೆಗೆದರೆ ಉಳಿಯುವುದೇನು? ಗಡಿಯಾರ. ಹೊಸ ಮಹಡಿ ಏಳಲು ಹೊತ್ತು ಬೇಕು, ತರಿಸಿದ ಮಾಲು ಬರಲು ಕೆಲವು ನಿಮಿಷದಿಂದ ಗಂಟೆಗಳವರೆಗೆ ಬೇಕು. ಫೋನ್ ಮುಚ್ಚಿಟ್ಟರೂ ಮಾರಾಟ ನಡೆಯುತ್ತದೆ. ಆದರೆ ಬಂದ ಮಾಲು ತಾನಾಗಿ ಅಂಗಡಿಯ ಗೂಡು ಸೇರುವುದಿಲ್ಲ. ಆಡುವವರೇ ಬಂದು ಬೆರಳು ಒತ್ತಬೇಕು. ಇಡೀ ಆಟ ನಿಂತಿರುವುದು ಉದ್ದೇಶಪೂರ್ವಕವಾಗಿ ಬಿಟ್ಟ ಈ ಒಂದು ಕೊರತೆಯ ಮೇಲೆ. ಮಾಲು ಬಂತೆಂಬ ಸೂಚನೆ ಫೋನಿನಲ್ಲಿ ಟಣ್ಣೆಂದಾಗ ಕೈ ಜೇಬಿಗೆ ಹೋಗುತ್ತದೆ.

ಲಿಫ್ಟಿಗೆ ಏನಾಯಿತು ನೋಡಿ. 'ಸಿಮ್‌ಟವರ್'ನಲ್ಲಿ ಅದನ್ನು ಯೋಜಿಸುತ್ತಿದ್ದದ್ದು ಮಾಲೀಕ. ಇಲ್ಲಿ ಗಿರಾಕಿಯೊಬ್ಬ ಬಂದು ಇಂಥ ಮಹಡಿ ಎನ್ನುತ್ತಾನೆ, ಆಡುವವರು ಬೆರಳು ಒತ್ತಿಹಿಡಿದು ಅವನನ್ನು ಮೇಲೆ ಮುಟ್ಟಿಸುತ್ತಾರೆ, ಅವನು ಟಿಪ್ಸ್ ಕೊಟ್ಟು ಇಳಿಯುತ್ತಾನೆ. ಮಾಲೀಕನೇ ಲಿಫ್ಟ್‌ಮನ್! ಹದಿನೇಳು ವರ್ಷಗಳಲ್ಲಿ ಕಾಯುವವರು ಬದಲಾದರು: ಅಂದು ಕಟ್ಟಡದೊಳಗಿನವರು ಕಾದು ಕೆಂಪಾಗುತ್ತಿದ್ದರು, ಇಂದು ಆಡುವವರು ಕಾಯುತ್ತಾರೆ. ಕಾಯಲಾರದವರಿಗೆ 'ಬಕ್ಸ್' ಎಂಬ ಎರಡನೆಯ ನಾಣ್ಯವಿದೆ. ಅದನ್ನು ತೆತ್ತರೆ ಗಂಟೆಗಳು ಕ್ಷಣದಲ್ಲಿ ಕರಗುತ್ತವೆ. ಬಕ್ಸ್ ಆಟದಲ್ಲೇ ಆಗಾಗ ಅಕಸ್ಮಾತ್ತಾಗಿ ಸಿಗುತ್ತದೆ, ದುಡ್ಡಿಗೂ ಸಿಗುತ್ತದೆ. ಉಚಿತ ಆ್ಯಪ್‌ಗಳ ಒಳಗೆ ಮಾರಾಟ ಮಾಡಲು ಆ್ಯಪಲ್ ಅವಕಾಶ ಕೊಟ್ಟದ್ದು 2009ರ ಅಕ್ಟೋಬರಿನಲ್ಲಿ. ಆ ಬಾಗಿಲು ತೆರೆಯದಿದ್ದರೆ ಕಾಯಿಸುವುದು ಸರಕಾಗುತ್ತಿರಲಿಲ್ಲ.

ಇಂಥ ಆಟಗಳ ಚರ್ಚೆಯಲ್ಲಿ ಮನೋವಿಜ್ಞಾನಿಗಳಾದ ಫರ್ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲಿ ಪ್ರಕಟಿಸಿದ ಪಾರಿವಾಳದ ಪ್ರಯೋಗಗಳನ್ನು ತರುವುದು ವಾಡಿಕೆ: ಯಾವಾಗ ಸಿಗುತ್ತದೆಂದು ಗೊತ್ತಿಲ್ಲದ ಬಹುಮಾನಕ್ಕಾಗಿ ಹಕ್ಕಿ ಕುಕ್ಕುತ್ತಲೇ ಇರುತ್ತದೆ. ಬಕ್ಸ್‌ಗೆ ಇದು ಒಪ್ಪುತ್ತದೆ. ಮಾಲಿಗೆ ಒಪ್ಪುವುದಿಲ್ಲ, ಅದು ಬರುವ ಹೊತ್ತು ನಿಮಿಷದ ಲೆಕ್ಕದಲ್ಲಿ ಗೊತ್ತಿರುತ್ತದೆ. ಅಲ್ಲಿ ಸಂಶೋಧಕರಾದ ನಾರ್ಟನ್, ಮೊಚನ್, ಏರಿಯಲಿ 2012ರಲ್ಲಿ ತೋರಿಸಿದ ಸಂಗತಿ ಹೆಚ್ಚು ಹತ್ತಿರದ್ದು: ಕೈಯಾರೆ ಜೋಡಿಸಿದ ವಸ್ತುವಿಗೆ ಜನ ಹೆಚ್ಚು ಬೆಲೆ ಕಟ್ಟುತ್ತಾರೆ. ಒಲೆಯ ಮೇಲೆ ಹಾಲಿಟ್ಟವರು ಅಡುಗೆಮನೆ ಬಿಟ್ಟು ದೂರ ಹೋಗಲಾರರು. ಅಲ್ಲಿ ಎಳೆಯುವುದು ಬಹುಮಾನದ ಆಸೆಯಲ್ಲ, ಇಟ್ಟವರು ನಾವೇ ಎಂಬ ಭಾವ.

2012ರ ಆರಂಭದಲ್ಲಿ ಝಿಂಗಾ ಎಂಬ ಆಟಗಳ ಕಂಪನಿ ಇಂಥದೇ ಗೋಪುರ ಕಟ್ಟುವ 'ಡ್ರೀಮ್ ಹೈಟ್ಸ್' ಆಟ ತಂದಾಗ, ನಿಂಬಲ್‌ಬಿಟ್‌ನ ಮೂವರು ಎರಡೂ ಆಟಗಳ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು, ಅಭಿನಂದನೆಯ ಧಾಟಿಯಲ್ಲೇ ಚುಚ್ಚುವ ಬಹಿರಂಗ ಪತ್ರ ಬರೆದರು. ಝಿಂಗಾದ ಮುಖ್ಯಸ್ಥ ಮಾರ್ಕ್ ಪಿಂಕಸ್ 'ಸಿಮ್‌ಟವರ್'ನತ್ತ ಬೆರಳು ತೋರಿಸಿದರು: ಗೋಪುರ ಕಟ್ಟುವ ಆಟ ಮೊದಲೇ ಇತ್ತಲ್ಲ! ಮಾತು ನಿಜ, ಸಮರ್ಥನೆ ಪೊಳ್ಳು. ನಕಲಾದದ್ದು ಬರೀ ಗೋಪುರವಾಗಿರಲಿಲ್ಲ, ಕಾಯಿಸುವ ಕ್ರಮವೂ ಆಗಿತ್ತು. ಸೈಟೋ ಆಟದಲ್ಲಿ ಅದು ಇರಲೇ ಇಲ್ಲ. ಇದೇ ಝಿಂಗಾ 2010ರಲ್ಲೇ ಬೆಂಗಳೂರಿನಲ್ಲಿ ಕಚೇರಿ ತೆರೆದಿತ್ತು. ತಂತ್ರಜ್ಞಾನದ ಅತಿಬಳಕೆಗೆಂದೇ ನಿಮ್ಹಾನ್ಸ್ 2014ರಲ್ಲಿ 'ಶಟ್' ಕ್ಲಿನಿಕ್ ಆರಂಭಿಸಿದ್ದೂ ಅದೇ ಊರಿನಲ್ಲಿ.

ಹಾಗೆಂದು ಈ ಆಟದ ಸೆಳೆತವನ್ನು ರೋಗವೆನ್ನಬಹುದೇ? 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣ ಹಿಡಿತ ತಪ್ಪುವುದನ್ನು, ಬೇರೆಲ್ಲಕ್ಕಿಂತ ಆಟವೇ ಮುಖ್ಯವಾಗುವುದನ್ನು, ಹಾನಿ ಕಂಡರೂ ಮುಂದುವರಿಸುವುದನ್ನು ಗೇಮಿಂಗ್ ಕಾಯಿಲೆಯ ಲಕ್ಷಣವೆನ್ನುತ್ತದೆ. ಇವು ಸಾಮಾನ್ಯವಾಗಿ 12 ತಿಂಗಳು ಕಾಣಬೇಕು. ಎರಡೆರಡು ನಿಮಿಷ ಇಣುಕಿ ಹೋಗುವ 'ಟೈನಿ ಟವರ್' ಈ ಚೌಕಟ್ಟಿಗೆ ಸುಲಭವಾಗಿ ಸಿಗದು. ಕಾನೂನಿಗೂ ಸಿಗದು: 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ತಡೆಯುವುದು ದುಡ್ಡು ಗೆಲ್ಲುವ ನಿರೀಕ್ಷೆಯಲ್ಲಿ ದುಡ್ಡು ಹಾಕುವ ಆಟಗಳನ್ನು. ಇಲ್ಲಿ ದುಡ್ಡು ಒಂದೇ ದಿಕ್ಕಿಗೆ ಹೋಗುತ್ತದೆ. 'ವ್ಯಸನ' ಎನ್ನುವುದಕ್ಕಿಂತ ನಮ್ಮ 'ಗೀಳು' ಎಂಬ ಪದವೇ ಇದಕ್ಕೆ ಸರಿ.

ಚೌಕಾಬಾರದಲ್ಲಿ ಕಾಯಿಗಳೆಲ್ಲ ಹಣ್ಣಾದರೆ ಆಟ ಮುಗಿಯಿತು. 'ಸಿಮ್‌ಟವರ್'ನಲ್ಲೂ ನೂರನೆಯ ಮಹಡಿಯಲ್ಲಿ ಚರ್ಚು ಕಟ್ಟಿ, ಅಲ್ಲೊಂದು ಮದುವೆ ನಡೆದರೆ ಗುರಿ ಮುಟ್ಟಿದಂತೆ. 'ಟೈನಿ ಟವರ್'ನಲ್ಲಿ ಹಣ್ಣಾಗುವ ಕಾಯಿಯಿಲ್ಲ. ಅಂತ್ಯವಿಲ್ಲದ ಇಂಥ ಕಾಯುವಿಕೆಯನ್ನು ಅಣಕಿಸಲೆಂದೇ ಆಟಗಳ ವಿನ್ಯಾಸಕ ಇಯಾನ್ ಬೋಗೋಸ್ಟ್ 2010ರಲ್ಲಿ ಫೇಸ್‌ಬುಕ್‌ನಲ್ಲಿ 'ಕೌ ಕ್ಲಿಕರ್' ಮಾಡಿದ್ದರು: ಆರು ಗಂಟೆಗೊಮ್ಮೆ ಹಸುವಿನ ಚಿತ್ರ ಒತ್ತುವುದು, ಅಷ್ಟೇ ಆಟ. ಸಾವಿರಾರು ಜನ ಅದನ್ನೂ ಮನಸ್ಸಿಟ್ಟು ಆಡಿದರು. 2011ರ ಸೆಪ್ಟೆಂಬರಿನಲ್ಲಿ ಬೋಗೋಸ್ಟ್ ಹಸುಗಳನ್ನೆಲ್ಲ ಮಾಯ ಮಾಡಿದರು. ಆಮೇಲೂ ಕೆಲವರು ಬಂದು, ಹಸು ನಿಂತಿದ್ದ ಖಾಲಿ ಜಾಗವನ್ನು ಒತ್ತಿ ಹೋಗುತ್ತಿದ್ದರು.