ಬಂಡೆಯ ಮೇಲಿನ ೞಕಾರ, ಜಾಲಪುಟದ 3294

ಜಾಲಪುಟಗಳನ್ನು ಬರೆಯುವ ಎಚ್‌ಟಿಎಂಎಲ್ ಭಾಷೆಯಲ್ಲಿ, ಕೀಲಿಮಣೆಯಲ್ಲಿ ಸಿಗದ ಅಕ್ಷರವನ್ನು ಅದರ ಸಂಖ್ಯೆಯಿಂದಲೇ ಕರೆಯುವ ಪದ್ಧತಿಯುಂಟು. '&' ಮತ್ತು '#' ಚಿಹ್ನೆಗಳ ಮುಂದೆ ಸಂಖ್ಯೆಯನ್ನೂ ಕೊನೆಗೆ ಅರ್ಧವಿರಾಮವನ್ನೂ ಬರೆದರೆ, ಬ್ರೌಸರು ಆ ಸಂಖ್ಯೆಗೆ ಗೊತ್ತಾದ ಅಕ್ಷರವನ್ನು ಪುಟದಲ್ಲಿ ಮೂಡಿಸುತ್ತದೆ: &#3249; ಎಂದು ಬರೆದರೆ ಱ, &#3294; ಎಂದು ಬರೆದರೆ ೞ. ಶಾಲೆಯ ವರ್ಣಮಾಲೆಯಿಂದ ಹೊರಬಿದ್ದ ಈ ಎರಡು ಅಕ್ಷರಗಳಿಗೆ ಗಣಕದಲ್ಲಿ ಸ್ಥಾನ ಏಕೆ ಬೇಕಾಯಿತೆಂಬುದಕ್ಕೆ ಬಾಗಲಕೋಟೆ ಜಿಲ್ಲೆಯ ಶಾಸನಗಳೇ ಸಾಕ್ಷಿ.

ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಸಂಸ್ಕೃತ ಶಾಸನದ ಜೊತೆಗೆ, ಚಾಲುಕ್ಯ ದೊರೆ ಮಂಗಳೇಶನ ಒಂದು ಪುಟ್ಟ ಕನ್ನಡ ಶಾಸನವೂ ಇದೆ. ಗುಹಾಲಯಕ್ಕೆ ಲಂಜಿಗೇಸರವೆಂಬ ಊರನ್ನು ದತ್ತಿಯಾಗಿ ಬಿಟ್ಟ ಸಂಗತಿಯನ್ನು ತಿಳಿಸಿ, ಆ ದತ್ತಿಯನ್ನು ಕೆಡಿಸಿದವನು ಏಳನೆಯ ನರಕದ ಹುಳುವಾಗಲೆಂಬ ಶಾಪದೊಡನೆ ಅದು ಮುಗಿಯುತ್ತದೆ. ಈ ಶಾಪದಲ್ಲಿ ಕೆಡಿಸುವುದನ್ನು ಹೇಳುವ ಅೞಿ, ಸಂಖ್ಯೆಯನ್ನು ಹೇಳುವ ಏೞು, ಹುಳುವನ್ನು ಹೇಳುವ ಪುೞು ಎಂಬ ಮೂರೂ ಮಾತುಗಳಲ್ಲಿ ೞಕಾರವಿದೆ. ಇಂದಿನ ಳಕಾರಕ್ಕಿಂತ ಭಿನ್ನವಾದ ಈ ಧ್ವನಿ ತಮಿಳು, ಮಲಯಾಳಗಳಲ್ಲಿ ಈಗಲೂ ಉಳಿದಿದೆ. ಕನ್ನಡದಲ್ಲಿ ಅದು ಕ್ರಮೇಣ ಳಕಾರದಲ್ಲಿಯೂ ಕೆಲವೆಡೆ ರಕಾರದಲ್ಲಿಯೂ ಕರಗಿಹೋಯಿತು. ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜನು ಇದನ್ನು 'ರೞ'ವೆಂದು ಗುರುತಿಸಿ, ಯಾವ ಪದಗಳಲ್ಲಿ ಇದು ಬರುತ್ತದೆಂದು ಪಟ್ಟಿಮಾಡಬೇಕಾಯಿತು. ಕಿವಿಯೇ ಭೇದವನ್ನು ಹೇಳುತ್ತಿದ್ದ ಕಾಲದಲ್ಲಿ ಅಂಥ ಪಟ್ಟಿಯ ಅಗತ್ಯ ಬೀಳುತ್ತಿರಲಿಲ್ಲ. ಶಕಟರೇಫವೆಂದು ಹೆಸರಾದ ಱಕಾರವು ಬರವಣಿಗೆಯಲ್ಲಿ ಇನ್ನೂ ಬಹುಕಾಲ ಉಳಿಯಿತು. ಅೞಿ ಎಂದರೆ ನಾಶವಾಗು, ಅಳಿ ಎಂದರೆ ದುಂಬಿ. ಅಱೆ ಎಂದರೆ ಬಂಡೆ, ಅರೆ ಎಂದರೆ ಅರ್ಧ. ಶಾಸನದ ಪಾಠವನ್ನು ಜಾಲಪುಟಕ್ಕೆ ಏರಿಸುವವರು ಸುಲಭವೆಂದು ಳ, ರ ಒತ್ತಿಬಿಟ್ಟರೆ ಸಾವಿರದ ನಾನೂರು ವರ್ಷ ಬಂಡೆ ಕಾಯ್ದುಕೊಂಡು ಬಂದ ವ್ಯತ್ಯಾಸ ಒಂದೇ ಒತ್ತಿಗೆ ಅಳಿಸಿಹೋಗುತ್ತದೆ.

ತೊಂಬತ್ತರ ದಶಕದ ಕೊನೆಯಲ್ಲಿ ಕನ್ನಡ ಜಾಲಪುಟಗಳು ಹುಟ್ಟಿದಾಗ ಈ ವ್ಯತ್ಯಾಸವನ್ನು ಉಳಿಸಿಕೊಳ್ಳುವುದಿರಲಿ, ಕನ್ನಡವನ್ನು ಕನ್ನಡವಾಗಿ ತೋರಿಸುವುದೇ ಕಷ್ಟವಾಗಿತ್ತು. ಆ ಕಾಲದ ಫಾಂಟುಗಳು ರೋಮನ್ ಅಕ್ಷರಗಳ ಸಂಖ್ಯೆಗಳಲ್ಲೇ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಆಕಾರಗಳನ್ನು ತುಂಬಿರುತ್ತಿದ್ದುದರಿಂದ, ಓದುಗರ ಗಣಕದಲ್ಲಿ ಅದೇ ಫಾಂಟು ಇಲ್ಲದಿದ್ದರೆ ಪುಟದ ತುಂಬ ಅರ್ಥವಿಲ್ಲದ ಯುರೋಪಿಯನ್ ಅಕ್ಷರಗಳು ಕಾಣುತ್ತಿದ್ದವು. ಜಗತ್ತಿನ ಲಿಪಿಗಳಿಗೆಲ್ಲ ಪ್ರತ್ಯೇಕ ಸಂಖ್ಯೆ ಕೊಡುವ ಯೂನಿಕೋಡ್ 1991ರಲ್ಲಿಯೇ ಪ್ರಕಟವಾಗಿ, ಅದರಲ್ಲಿ ಕನ್ನಡಕ್ಕೆ 128 ಮನೆಗಳು ದೊರೆತಿದ್ದರೂ, ಮತ್ತು 1997ರ ಎಚ್‌ಟಿಎಂಎಲ್ 4 ಆ ಸಂಖ್ಯೆಗಳನ್ನೇ ಅಂಗೀಕರಿಸಿದ್ದರೂ, ಕನ್ನಡದ ಒತ್ತಕ್ಷರಗಳನ್ನು ಜೋಡಿಸಬಲ್ಲ ತುಂಗಾ ಫಾಂಟು ವಿಂಡೋಸ್ ಎಕ್ಸ್‌ಪಿಯೊಡನೆ 2001ರಲ್ಲಿ ಬಂದ ಮೇಲಷ್ಟೆ ಸಾಮಾನ್ಯ ಬಳಕೆದಾರರಿಗೆ ಅದರ ಫಲ ಸಿಗತೊಡಗಿತು.

ಯೂನಿಕೋಡ್ ಪಟ್ಟಿಯಲ್ಲಿ ೞಕಾರಕ್ಕೆ ಮನೆಯೇನೋ ಸಿಕ್ಕಿತು, ಆದರೆ 'ಎಫ್‌ಎ' ಎಂಬ ತಪ್ಪು ಹೆಸರಿನಿಂದ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಅದು ಇಂದಿಗೂ ಹಾಗೆಯೇ ನಿಂತಿದೆ. ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಲಾಗಿದೆ. ಸಂಖ್ಯೆ ಮಾತ್ರ ಸರಿಯಾದ ಅಕ್ಷರವನ್ನೇ ತೋರಿಸುತ್ತದೆ, ಪುಟ ಬರೆಯುವವರಿಗೆ ಬೇಕಾದದ್ದೂ ಅದೇ.

ಹುನಗುಂದ ಸೀಮೆಯ ಐಹೊಳೆಯಲ್ಲಿ, ಮೇಗುತಿ ಬಸದಿಯ ಗೋಡೆಯ ಮೇಲಿರುವ ರವಿಕೀರ್ತಿಯ ಕ್ರಿ.ಶ. 634ರ ಶಾಸನ ಇನ್ನೊಂದು ಬಗೆಯ ಪ್ರಶ್ನೆಯನ್ನು ಒಡ್ಡುತ್ತದೆ. ಅದರ ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ಆದ್ದರಿಂದ ಅದನ್ನು ಕನ್ನಡ ಅಕ್ಷರಗಳಲ್ಲಿ ಪುಟಕ್ಕೆ ತರುವವರು ಸಂಕೇತದಲ್ಲಿ ಭಾಷೆಯನ್ನು ಸಂಸ್ಕೃತವೆಂದೇ ಸೂಚಿಸಬೇಕಾಗುತ್ತದೆ. ಆ ಕಾಲದ ಸಂಸ್ಕೃತ ಶಾಸನಗಳಲ್ಲಿ ಕ, ಖಗಳ ಹಿಂದೆ ಬರುವ ವಿಸರ್ಗಕ್ಕೆ ಜಿಹ್ವಾಮೂಲೀಯವೆಂಬ ಚಿಹ್ನೆಯೂ ಪ, ಫಗಳ ಹಿಂದೆ ಬರುವುದಕ್ಕೆ ಉಪಧ್ಮಾನೀಯವೆಂಬ ಚಿಹ್ನೆಯೂ ಬಳಕೆಯಲ್ಲಿದ್ದವು. ಕನ್ನಡದ ಮನೆಗಳಲ್ಲಿ ಇವು ಸೇರಿದ್ದು 2006ರಲ್ಲಿ. ಇವುಗಳ ಸಂಖ್ಯೆ 3313 ಮತ್ತು 3314.

ಹಳೆಯ ಶಾಸನಗಳಲ್ಲಿ ಅಕ್ಷರದ ತಲೆಯ ಮೇಲಿರುತ್ತಿದ್ದ ರೇಫವು ಇಂದಿನ ಅಚ್ಚಿನಲ್ಲಿ ಅರ್ಕಾವತ್ತಾಗಿ ಬಲಕ್ಕೆ ಇಳಿದಿದೆ. ಗಣಕವು ಉಚ್ಚಾರದ ಅನುಕ್ರಮವನ್ನು ಮಾತ್ರ ದಾಖಲಿಸಿಕೊಂಡು ಆಕಾರವನ್ನು ಫಾಂಟಿಗೆ ಬಿಡುತ್ತದೆಯಾದ್ದರಿಂದ ಎರಡಕ್ಕೂ ಒಂದೇ ಬರಹ ಸಾಲುತ್ತದೆ. ಫಾಂಟಿನ ನಿರ್ಧಾರ ಬೇಡವಾದ ಕಡೆ, ತೆರೆಯ ಮೇಲೆ ಕಾಣದ ಚಿಹ್ನೆಗಳನ್ನು ಸೇರಿಸಬೇಕಾಗುತ್ತದೆ. ಇಳಕಲ್ ಸೀರೆಯ ಊರನ್ನೇ ತೆಗೆದುಕೊಂಡರೆ, ಆ ಹೆಸರಿನ ಕೊನೆಯ ಲಕಾರಕ್ಕೆ 'ನಲ್ಲಿ' ಪ್ರತ್ಯಯ ಹತ್ತಿದಾಗ ಫಾಂಟು ನಕಾರವನ್ನು ಒತ್ತಾಗಿಸಿ 'ಇಳಕಲ್ನಲ್ಲಿ' ಎಂದು ಮಾಡಿಬಿಡುತ್ತದೆ. ಎರಡರ ನಡುವೆ 8204 ಸಂಖ್ಯೆಯ, ಅಗಲವೇ ಇಲ್ಲದ ಚಿಹ್ನೆಯನ್ನಿಟ್ಟರೆ 'ಇಳಕಲ್‌ನಲ್ಲಿ' ಎಂದು ಬಿಡಿಯಾಗಿ ನಿಲ್ಲುತ್ತದೆ. ಕಡತವನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುವಾಗ ಈ ಚಿಹ್ನೆ ಯಾರಿಗೂ ತಿಳಿಯದಂತೆ ಉದುರಿಹೋಗುವುದುಂಟು; ಅದನ್ನು ಸಂಕೇತದಲ್ಲಿ &#8204; ಎಂದು ಸಂಖ್ಯೆಯಾಗಿಯೇ ಬರೆದಿಟ್ಟರೆ, ಮುಂದೆ ಕರಡು ತಿದ್ದುವವರ ಕಣ್ಣಿಗೂ ಬೀಳುತ್ತದೆ.