ಇದ್ದಿಲಿನ ರಂಧ್ರಗಳಲ್ಲಿ ವಿದ್ಯುತ್ತು: ಸೂಪರ್ ಕೆಪಾಸಿಟರ್ ನಡೆದುಬಂದ ದಾರಿ

ವಿದ್ಯುತ್ತನ್ನು ಉತ್ಪಾದಿಸುವುದು ಒಂದು ಕೆಲಸವಾದರೆ ಅದನ್ನು ಕೂಡಿಡುವುದು ಇನ್ನೊಂದು ದೊಡ್ಡ ಕೆಲಸ. 1745-46ರಲ್ಲಿ ಜರ್ಮನಿಯ ಕ್ಲೈಸ್ಟ್ ಮತ್ತು ಹಾಲೆಂಡಿನ ಲೈಡನ್ ನಗರದ ಮುಶೆನ್‌ಬ್ರೂಕ್ ಬೇರೆ ಬೇರೆಯಾಗಿ ಗಾಜಿನ ಪಾತ್ರೆಯಲ್ಲಿ ವಿದ್ಯುತ್ತನ್ನು ಹಿಡಿದಿಟ್ಟರು. 'ಲೈಡನ್ ಜಾಡಿ' ಎಂದು ಹೆಸರಾದ ಅದೇ ಮೊದಲ ಕೆಪಾಸಿಟರ್.

ಕೆಪಾಸಿಟರಿನ ತತ್ವ ಸರಳ. ಎದುರುಬದುರಾದ ಎರಡು ಫಲಕಗಳಲ್ಲಿ ಒಂದು ಧನ, ಇನ್ನೊಂದು ಋಣ. ಫಲಕಗಳ ವಿಸ್ತೀರ್ಣ ಹೆಚ್ಚಿದಷ್ಟೂ, ನಡುವಿನ ಅಂತರ ಕಡಿಮೆಯಾದಷ್ಟೂ ಸಂಗ್ರಹ ಹೆಚ್ಚುತ್ತದೆ. ದ್ರಾವಣದಲ್ಲಿ ಮುಳುಗಿದ ವಿದ್ಯುದ್ವಾರದ ಮೇಲ್ಮೈಗೆ ವಿರುದ್ಧ ವಿದ್ಯುದಂಶದ ಅಯಾನುಗಳು ಬಂದು ಸಾಲಾಗಿ ನಿಲ್ಲುತ್ತವೆ ಎಂದು 1879ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ವಿವರಿಸಿದರು. ಈ 'ಜೋಡಿಪದರ'ದಲ್ಲಿ ಅಂತರವು ಒಂದು ನ್ಯಾನೋಮೀಟರಿನಷ್ಟು, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗದಷ್ಟು ಮಾತ್ರ. ಆದರೂ ಇದನ್ನು ಬಳಸಿ ಉಪಕರಣ ಮಾಡುವ ಯೋಚನೆ ಬಹುಕಾಲ ಯಾರಿಗೂ ಹೊಳೆಯಲಿಲ್ಲ.

1957ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಬೆಕರ್ ಅವರಿಗೆ ರಂಧ್ರಮಯ ಇಂಗಾಲದ ವಿದ್ಯುದ್ವಾರಗಳ ಕೆಪಾಸಿಟರಿಗೆ ಪೇಟೆಂಟ್ ದೊರೆಯಿತು. ಇಷ್ಟೊಂದು ವಿದ್ಯುತ್ತು ಹೇಗೆ ಸಂಗ್ರಹವಾಗುತ್ತದೆಂಬುದು ನಿಖರವಾಗಿ ತಿಳಿದಿಲ್ಲವೆಂದು ಆ ಪೇಟೆಂಟಿನಲ್ಲಿಯೇ ಬರೆದಿತ್ತು! ಉತ್ತರ ಹೆಲ್ಮ್‌ಹೋಲ್ಟ್ಸರ ಬರಹದಲ್ಲಿ 78 ವರ್ಷಗಳಿಂದ ಕಾದು ಕುಳಿತಿತ್ತು. ಸಂಗ್ರಹವಾಗುವುದು ಜೋಡಿಪದರದಲ್ಲಿಯೇ ಎಂದು ಗುರುತಿಸಿದ ಪೇಟೆಂಟ್ 1966ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಆಫ್ ಓಹಾಯೋ ಕಂಪನಿಯ ರೈಟ್‌ಮೈರ್ ಅವರಿಗೆ ಸಿಕ್ಕಿತು. ಅದರ ಹಕ್ಕು ಪಡೆದ ಜಪಾನಿನ ಎನ್‌ಇಸಿ ಕಂಪನಿ 1970ರ ದಶಕದಲ್ಲಿ 'ಸೂಪರ್ ಕೆಪಾಸಿಟರ್' ಎಂಬ ಹೆಸರಿನಲ್ಲಿ ಅದನ್ನು ಮಾರಾಟಕ್ಕೆ ತಂದಿತು.

ಇದ್ದಿಲೇ ಏಕೆ? ಬೆಲ್ಲದ ಅಚ್ಚಿಗಿಂತ ಬೆಲ್ಲದ ಪುಡಿ ಬೇಗ ಕರಗುತ್ತದೆ. ಪುಡಿಯ ಮೇಲ್ಮೈ ಹೆಚ್ಚು. ಇದ್ದಿಲನ್ನು ಸಂಸ್ಕರಿಸಿ ಪಡೆಯುವ ಸಕ್ರಿಯ ಇಂಗಾಲದಲ್ಲಿ ಅಸಂಖ್ಯ ರಂಧ್ರಗಳಿದ್ದು, ಅದರ ಒಂದೇ ಗ್ರಾಮಿನಲ್ಲಿ ಸಾವಿರ ಚದರ ಮೀಟರಿಗೂ ಮಿಕ್ಕಿದ ಮೇಲ್ಮೈ ಇರಬಲ್ಲದು. ಒಂದು ನ್ಯಾನೋಮೀಟರಿಗಿಂತ ಕಿರಿದಾದ ರಂಧ್ರಗಳು ನಿರುಪಯುಕ್ತ, ಅಯಾನುಗಳು ಒಳಗೆ ಹೋಗಲಾರವು ಎಂದೇ ನಂಬಲಾಗಿತ್ತು. 2006ರಲ್ಲಿ ಗೊಗೊಟ್ಸಿ, ಸಿಮೋನ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ಅಂಥ ರಂಧ್ರಗಳಲ್ಲಿ ಸಂಗ್ರಹ ಇನ್ನೂ ಹೆಚ್ಚಿತ್ತು! ಅಯಾನುಗಳು ತಮ್ಮ ಸುತ್ತಲಿನ ದ್ರಾವಕದ ಹೊದಿಕೆಯನ್ನು ಕಳಚಿ ಒಳನುಗ್ಗುತ್ತವೆಂದು ಅವರು ವಿವರಿಸಿದರು.

2004ರಲ್ಲಿ ಗೈಮ್ ಮತ್ತು ನೊವೊಸೆಲೊವ್ ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆಯಾದ ಗ್ರಾಫೀನನ್ನು ಬೇರ್ಪಡಿಸಿದ್ದರು. 2008ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಪ್ರೊ. ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು ಗ್ರಾಫೀನ್ ವಿದ್ಯುದ್ವಾರಗಳ ಸೂಪರ್ ಕೆಪಾಸಿಟರಿನ ಬಗ್ಗೆ ಪ್ರಬಂಧ ಪ್ರಕಟಿಸಿದರು. ಈ ದಿಕ್ಕಿನ ಆರಂಭದ ಕೆಲಸಗಳಲ್ಲಿ ಅದೂ ಒಂದು.

ಸೂಪರ್ ಕೆಪಾಸಿಟರ್ ಸೆಕೆಂಡುಗಳಲ್ಲಿ ತುಂಬಿಕೊಳ್ಳುತ್ತದೆ, ಲಕ್ಷಾಂತರ ಬಾರಿ ಬಳಸಿದರೂ ಬಾಳುತ್ತದೆ. ಆದರೆ ಅಷ್ಟೇ ತೂಕದ ಲಿಥಿಯಂ ಬ್ಯಾಟರಿಯ ಮುಂದೆ ಅದರ ಸಂಗ್ರಹ ತೀರಾ ಕಡಿಮೆ. ಆದ್ದರಿಂದಲೇ 2006ರಲ್ಲಿ ಶಾಂಘೈ ನಗರದಲ್ಲಿ ಓಡತೊಡಗಿದ ಸೂಪರ್ ಕೆಪಾಸಿಟರ್ ಬಸ್ಸುಗಳು ನಿಲ್ದಾಣಗಳಲ್ಲಿ ಮತ್ತೆ ಮತ್ತೆ ಚಾರ್ಜ್ ಆಗಬೇಕಿತ್ತು. ಈ ಕೊರತೆ ನೀಗುವ ಕೆಲಸ ಇನ್ನೂ ಬಾಕಿಯಿದೆ.

ವಿದ್ಯಾರ್ಥಿಗಳೇ, ಬೆಕರ್ ಅವರ ಪೇಟೆಂಟಿನಲ್ಲಿದ್ದ 'ತಿಳಿದಿಲ್ಲ' ಎಂಬ ಮಾತನ್ನು ನೆನಪಿಡಿ. ಅದು ನಾಚಿಕೆಯ ಮಾತಲ್ಲ, ಮುಂದಿನವರಿಗೆ ಬಿಟ್ಟುಕೊಟ್ಟ ಪ್ರಶ್ನೆ. ಹಳೆಯ ಬರಹಗಳನ್ನು ಓದುವ ತಾಳ್ಮೆ, ನಂಬಿದ್ದನ್ನೂ ಪರೀಕ್ಷಿಸಿ ನೋಡುವ ಧೈರ್ಯ ಎರಡೂ ಇದ್ದವರಿಗೆ ಉತ್ತರ ಸಿಕ್ಕೀತು.